ವಿಮಾನ ಹತ್ತಿದ ದಾರಿ ರೊಟ್ಟಿ

ವಿಮಾನದಾಗ ಊಟ ಹಂಚೂ ಟ್ರಾಲಿಯ ಒಂದು ಖಾನೆ ಎಷ್ಟು ಅಗಲ ಇರತೈತಿ ಅಂತ ಕೇಳಿದ್ರ, ನಮ್ಮೂರು ಐಗಳ್ಯಾಗ ಹೇಳಾಂವ ನಾನೊಬ್ಬನ ಇರಬೇಕು. ಅದ ನನ್ನ ಕೆಲಸ. ದೊಡ್ಡ ಶಹರದ ವಿಮಾನ ನಿಲ್ದಾಣದ ಬಾಜೂಕ ಒಂದು ಅಡಗಿಮನಿ ಐತಿ. ಮ್ಯಾಲ ಹಾರೂ ಮಂದಿಗೆ ಕೆಳಗ ಊಟ ಕಟ್ಟಿ ಕಳಸೂದು ಅಲ್ಲಿ ಉದ್ಯೋಗ. ಯಾವ ಊಟ ಕಳಸಬೇಕು, ಅದನ್ನ ಎಲ್ಲಿಂದ ತರಸಬೇಕು ಅನ್ನೂದನ್ನ ನೋಡಾವ್ರೊಳಗ ನಾನೂ ಒಬ್ಬ.

ಆ ವರ್ಷ ಮ್ಯಾಲಿನವ್ರಿಗೆ ಊರಿನ ರುಚಿಯ ಹುಚ್ಚು ಹಿಡದಿತ್ತು. ಯಾವ ಊರಿಗೆ ವಿಮಾನ ಹೋಗತೈತೋ ಆ ಊರಿನ ತಿನಿಸು ಪ್ರಯಾಣಿಕರ ಕೈಗೆ ಸಿಗಬೇಕು ಅಂತ. ಹುಡಕೂ ಕೆಲಸ ನನ್ನ ಕೊಳ್ಳಿಗೆ ಬಿತ್ತು. ನಾನೂ ಖುಷೀಲೆ ಹತ್ತು ಹನ್ನೆರಡು ನಿಲ್ದಾಣ ಸುತ್ತಿದೆ. ಎಲ್ಲಾ ಕಡೆ ಗಾಜಿನ ಹಿಂದ ಡಬ್ಬಿ ಜೋಡಿಸಿ 'ಈ ಊರಿನ ವಿಶೇಷ' ಅಂತ ಬೋರ್ಡು ಹಚ್ಚಿರತಾರ. ಡಬ್ಬಿ ಹೊಳ್ಳಿಸಿ ನೋಡಿದ್ರ, ತಯಾರಾದದ್ದು ಎಲ್ಲೋ ದೂರದ ಕಾರಖಾನ್ಯಾಗ. ಒಂದು ಅಂಗಡ್ಯಾಗ ಖಡಕ್ ರೊಟ್ಟಿ ಕಂಡು ಆಸೇಲೆ ತಗೊಂಡೆ. ಬೆಂಚಿನ ಮ್ಯಾಲ ಕುಂತು ಮುರಿಯಾಕ ಹೋದೆ. ಅದು ಮುರೀಲಿಲ್ಲ, ಬಗ್ಗಿತು. ನನಗ ಅವತ್ತು ಖರೇನ ಸಿಟ್ಟು ಬಂತು. ಅದನ್ನ ಹಂಗ ಚೀಲದಾಗ ಇಟ್ಕೊಂಡು ಆಫೀಸಿಗೆ ಬಂದೆ.

ಮೀಟಿಂಗಿನ್ಯಾಗ ಸಂಜೀ ವಿಮಾನದ ತಿಂಡಿ ಡಬ್ಬಿ ಬಗ್ಗೆ ಮಾತು ಬಂತು. ನಮ್ಮ ಗಡಿ ಭಾಗದ ಮಂದಿ ಭಾಳ ಓಡಾಡೂ ವಿಮಾನ ಅದು. "ನಿಮ್ಮ ಕಡೆ ಏನು ಸಿಗುತ್ತೆ?" ಅಂತ ಕೇಳಿದ್ರು. "ರೊಟ್ಟಿ, ಹಿಂಡಿ. ಹಿಂಡಿ ಅಂದ್ರ ಚಟ್ನಿಪುಡಿ" ಅಂದೆ. ಒಂದಿಬ್ಬರು ನಕ್ರು. ಗುಣಮಟ್ಟ ನೋಡಾವ್ರು ಒಬ್ಬ ಮೇಡಂ, ಮೈಸೂರು ಕಡೆಯವರು. ಅವರು ನಗಲಿಲ್ಲ. "ಮೂರು ಲಾಟ್ ತರಿಸಿ ನೋಡೋಣ. ಮೂರನೆಯದೂ ಫೇಲ್ ಆದರೆ ಫ್ಯಾಕ್ಟರಿ ಪರಾಠಾ ಹಾಕ್ತೀವಿ. ಆಮೇಲೆ ನನ್ನ ಹತ್ತಿರ ಬರಬೇಡಿ" ಅಂದ್ರು.

ಹಂಗಾಗಿ ರಾಯಬಾಗದಾಗ ರೈಲು ಇಳದೆ. ಅಲ್ಲಿಂದ ಚಿಕ್ಕೋಡಿ, ಅಲ್ಲಿಂದ ನಿಪ್ಪಾಣಿ, ಮತ್ತ ಹೊಳ್ಳಿ ಅಥಣಿ. ಮಷೀನ್ ರೊಟ್ಟಿ ಬೇಕಾದಷ್ಟು ಸಿಕ್ಕುವು. ನೋಡಾಕ ದುಂಡಗ ಇರತಾವ, ಒಂದ ಅಳತಿ ಇರತಾವ, ಬಾಯಾಗ ಇಟ್ರ ರಟ್ಟು ತಿಂದಂಗ ಆಗತೈತಿ. ನಾಕು ದಿವಸ ಆತು, ನನ್ನ ಚೀಲದಾಗ ಬರೀ ಮಷೀನ್ ರೊಟ್ಟಿ. ಐದನೇ ದಿವಸ ಅಥಣಿ ಬಾಜೂಕಿನ ಅನಂತಪುರದಾಗ ಬೀಗರ ಹೊಸಾ ಮನಿ ವಾಸ್ತುಶಾಂತಿಗೆ ಹೋದೆ. ಅಲ್ಲಿ ಎಲಿಗೆ ಬಂದ ರೊಟ್ಟಿ ಎತ್ತಿ ಬೆಳಕಿಗೆ ಹಿಡದೆ. ಆ ಕಡೆ ಕುಂತಾವ್ರ ಬಿಳಿ ಟೊಪ್ಪಿಗಿ ಕಂಡಿತು. ಮುರದೆ, ಕಟ್ ಅಂತು. ಊಟ ಬಿಟ್ಟೆದ್ದು ಅಡಗೀ ಮಾಡಾಂವ ಎಲ್ಲಿ ಅಂತ ಹುಡಕಿದೆ. "ಇದು ನಂದಲ್ರಿ. ಕಾಗವಾಡ ದಾರ್ಯಾಗ ಒಬ್ಬ ಜೈನರ ಅಕ್ಕಾರು ಅದಾರ, ಲಗ್ನದ ರೊಟ್ಟಿ ಎಲ್ಲಾ ಅವರದ" ಅಂದ ಅಂವ.

ಮರುದಿನ ಮುಂಜೇಲೆ ಅಲ್ಲಿಗೆ ಹೋದೆ. ಕಬ್ಬಿನ ಹೊಲದ ದಂಡೀಗೆ ತಗಡಿನ ಮಾಡಿನ ಉದ್ದನ್ನ ಖೋಲಿ. ಒಳಗ ಎಂಟು ಒಲಿ, ಎಂಟು ಮಂದಿ ಹೆಣ್ಣಮಕ್ಕಳು. ರೊಟ್ಟಿ ಬಡಿಯೂ ಸಪ್ಪಳ ರಸ್ತಾಕ್ಕ ಕೇಳತಿತ್ತು. ಅಕ್ಕಾರಿಗೆ ಅರವತ್ತರ ಆಜೂಬಾಜೂ ವಯಸ್ಸು. ಬಾಗಲಾಗ ನಿಂತು ನನ್ನ ಬೂಟು ನೋಡಿದ್ರು, ಕೊಳ್ಳಾಗಿನ ಆಫೀಸ್ ಕಾರ್ಡು ನೋಡಿದ್ರು. ನಾ ಬಂದ ಕೆಲಸ ಹೇಳಿದೆ.

"ಸಾಹೇಬ್ರ, ವಿಮಾನದಾಗ ಕುಂತಾವ್ರು ನಮ್ಮ ರೊಟ್ಟಿ ತಿಂತಾರೇನ್ರಿ? ಚೇಷ್ಟಾ ಮಾಡಬ್ಯಾಡ್ರಿ."

"ನಾ ಸಾಹೇಬ ಅಲ್ರಿ ಅಕ್ಕಾರ. ಐಗಳ್ಯಾಂವ."

"ಐಗಳ್ಯಾಂವಾ? ಮತ್ತ ಹೊರಗ ಯಾಕ ನಿಂತಿ ತಮ್ಮಾ, ಬೂಟು ತಗದು ಒಳಗ ಬಾ."

ಒಳಗ ಕುಂತು ತಾಸಗಟ್ಟಲೆ ನೋಡಿದೆ. ಬಿಳಿ ಜೋಳದ ಹಿಟ್ಟಿಗೆ ಕುದಿಯೂ ಎಸರು ಹಾಕಿ ನಾದೂದು. ಎರಡೂ ಕೈಲೆ ಬಡದು ಬಡದು ಹಿಗ್ಗಸೂದು. ಹಂಚಿಗೆ ಹಾಕಿ ಮ್ಯಾಲ ನೀರಾಗ ಅದ್ದಿದ ಅರಬಿ ಬಟ್ಟಿ ಆಡಸೂದು, ಹೊಳ್ಳಸೂದು. ಬೆಂದ ಮ್ಯಾಲ ಒಲಿ ಬಾಯಿ ಮುಂದ ನಿಂದರಿಸಿ ಬಿಡೂದು, ಒಳಗಿನ ಪಸಿ ಪೂರ್ತಿ ಆರೂತನಕ. ಅವಸರ ಮಾಡಿದ್ರ ರೊಟ್ಟಿ ಮೂರು ದಿನಕ್ಕ ಮೆತ್ತಗಾಗತೈತಿ. ನಿಲ್ದಾಣದ ಅಂಗಡ್ಯಾಗ ನಾ ತಗೊಂಡ ರೊಟ್ಟಿ ಯಾಕ ಬಗ್ಗಿತು ಅನ್ನೂದು ಅಲ್ಲಿ ತಿಳೀತು. ನೀರಿನ ನಳಕ್ಕ ಬಿಳಿ ಅರಬಿ ಕಟ್ಟಿದ್ರು. ಸೋಸದ ನೀರು ಆ ಖೋಲ್ಯಾಗ ಯಾವುದಕ್ಕೂ ಬಳಸೂ ಹಂಗಿಲ್ಲ. ಮುಂದ ಮೇಡಂ ಬಂದು ನೋಡಿ ಹೋದಾಗ ಅವರಿಗೆ ಭಾಳ ಸೇರಿದ್ದು ಅದ ಅರಬಿ. ಇನ್ನೊಂದು ನೇಮ ಇತ್ತು. ಹೊತ್ತು ಮುಳುಗೂದ್ರಾಗ ಒಲಿ ಆರಬೇಕು, ಅಕ್ಕಾರ ಊಟಾನೂ ಮುಗೀಬೇಕು. ನಮ್ಮ ಆಫೀಸಿನವರು ರಾತ್ರಿ ಮಾಡಿದ ತಾಜಾ ಮಾಲು ಬೇಕಂತ ಹಟ ಹಿಡದಿದ್ರು. ಖಡಕ್ ರೊಟ್ಟಿಗೆ ಆ ಮಾತು ಹೊಂದೂದಿಲ್ಲ ಅಂತ ತಿಳಿಸಿ ಹೇಳಾಕ ನನಗ ಎರಡು ವಾರ ಹಿಡೀತು.

ಮುಂದಿನ ತಾಪತ್ರಯ ಅಳತೀದು. ಟ್ರಾಲ್ಯಾಗ ಹೋಗೂ ಡಬ್ಬ್ಯಾಗ ಅಕ್ಕಾರ ರೊಟ್ಟಿಯ ಕಾಲುಭಾಗ ಸೈತ ಹಿಡೀತಿದ್ದಿಲ್ಲ. ಚಾ ಬಶಿಯಷ್ಟ ಬೇಕು ಅಂದೆ. ಹೆಣ್ಣಮಕ್ಕಳು ರೊಟ್ಟಿ ಬಡಿಯೂ ಮಣಿ ಬಿಟ್ಟು ನಕ್ರು. "ಗೊಂಬಿ ಲಗ್ನಕ್ಕ ಮಾಡತೀರೇನ್ರಿ?" ಅಂದಳು ಒಬ್ಬಾಕಿ. ನಕ್ಕೋತನ ಮಾಡಿದ್ರು. ಸಣ್ಣ ರೊಟ್ಟಿ ಬಡಿಯೂದು ದೊಡ್ಡದಕ್ಕಿಂತ ತ್ರಾಸು, ಅಂಗೈ ಆಡಾಕ ಜಾಗಾನ ಇರೂದಿಲ್ಲ. ಎಂಟು ದಿವಸದಾಗ ಕೈ ಕೂತುವು.

ಆಮೇಲೆ ಹಿಂಡಿ. ನಾ ಶೇಂಗಾ ಹಿಂಡಿ ಒಯ್ದಿದ್ದೆ. ಮೇಡಂ ಡಬ್ಬಿ ತಗೀಲೂ ಇಲ್ಲ. "ಶೇಂಗಾ ಕೆಲವರ ಮೈಗೆ ಆಗಲ್ಲ. ಮೇಲೆ ಹಾರುವಾಗ ಉಸಿರು ಕಟ್ಟಿದರೆ ಡಾಕ್ಟರ್ ಎಲ್ಲಿಂದ ತರ್ತೀರಿ?" ಅಂದ್ರು. ಮಾತು ಖರೇನ. ಗುರೆಳ್ಳ ಹಿಂಡಿ ಒಯ್ದೆ. ರುಚಿ ಎಲ್ಲಾರಿಗೂ ಹಿಡಿಸ್ತು, ಖರೆ ಮೀಟಿಂಗಿನ್ಯಾಗ ಒಬ್ಬೊಬ್ಬರು ಹಲ್ಲು ಕಿಸದ್ರ ಎಲ್ಲಾ ಕರ್ರಗ. ಕಡೀಕ ಗೆದ್ದದ್ದು ಅಕ್ಕಾರ ಮನ್ಯಾಗ ದಿನಾ ಉಣ್ಣೂ ಅಗಸಿ ಹಿಂಡಿ. ಅವರ ಮನ್ಯಾಗ ಬಳ್ಳೊಳ್ಳಿ ನಡೆಯೂದಿಲ್ಲ. ಬರೀ ಅಗಸಿ, ಒಣ ಮೆಣಸಿನಕಾಯಿ, ಜೀರಗಿ, ಹುಣಸಿ, ಒಂದ ಚೂರು ಬೆಲ್ಲ. ಹಂಗಾಗಿ ಯಾರಿಗೂ ಬ್ಯಾಡನ್ನೂ ಕಾರಣ ಉಳೀಲಿಲ್ಲ. ವಿಮಾನದಾಗ ನಾಲಿಗಿಗೆ ಉಪ್ಪು ಅಷ್ಟು ಹತ್ತೂದಿಲ್ಲ, ಅದಕ್ಕ ಉಪ್ಪು ಒಂದು ಚಿಟಿಕಿ ಏರಿಸಿದ್ವಿ.

ಎಲ್ಲಾ ಬರೋಬರ್ ಆದ ಮ್ಯಾಲ ಅಡಗಿಮನಿ ಕಾಗದ ನಾನ ಬರದೆ. ಪ್ರತಿ ಪ್ಯಾಕೀಟಿಗೆ ರೊಟ್ಟಿ ನಾಕು. ತೂಕ ಅರವತ್ತು ಗ್ರಾಂ, ಹೆಚ್ಚುಕಡಿಮಿ ಮೂರು. ಕೆಳಗ ನನ್ನ ಸಹಿ.

ಲಾಟ್ ಕಳಸೂ ದಿನಗಳು ತುಳಸಿ ಲಗ್ನ ಆದ ಮ್ಯಾಲ ಬಂದುವು. ನಮ್ಮ ಕಡೆ ಲಗ್ನ ಸುರು ಆಗೂದ ಅವಾಗ, ಅಕ್ಕಾರಿಗೆ ವರ್ಷದ ಸುಗ್ಗಿ ಅದು. ಎರಡೂ ಕಡೆ ಕೈ ಹಚ್ಚಾಕ ಆಗೂದಿಲ್ಲ ಅಂತ ಅವರು ಲಗ್ನದ ಆರ್ಡರ್ ಎಲ್ಲಾ ಒಲ್ಲೆ ಅಂದ್ರು.

"ವಿಚಾರ ಮಾಡ್ರಿ ಅಕ್ಕಾರ. ಇದಿನ್ನೂ ಪಾಸ್ ಆಗಿಲ್ಲ" ಅಂದೆ.

"ನೀ ಅದಿಯಲ್ಲ ತಮ್ಮಾ. ಕಾಳಜಿ ಏನೈತಿ" ಅಂದ್ರು ಅವರು.

ಆ ಮಾತು ಕೇಳಿ ನನಗ ಖುಷಿ ಆಗಬೇಕಾಗಿತ್ತು, ಅಂಜಿಕಿ ಆತು. ಫೇಲ್ ಆದ್ರ ನನಗೇನೂ ಆಗೂದಿಲ್ಲ, ಪರಾಠಾ ತರಿಸಿ ಕುಂದರತೇನಿ. ಆ ಎಂಟು ಮಂದಿ ಮಾತ್ರ ಹೊಳ್ಳಿ ಬಿಸಲಾಗ ಕಬ್ಬಿನ ಕಸಕ್ಕ ಹೋಗಬೇಕು. ಒಬ್ಬಾಕಿಗೆ ಮೊಣಕಾಲು ನೋವು, ಒಬ್ಬಾಕಿಗೆ ಗಂಡ ಇಲ್ಲ. ಈ ಖೋಲಿ ಸೇರಿದ ಮ್ಯಾಲ ಅವರು ಹೊಲದ ಕೆಲಸ ಬಿಟ್ಟಿದ್ರು.

ಮೊದಲನೇ ಲಾಟ್ ಟೆಂಪೋದಾಗ ನಿಪ್ಪಾಣಿತನಕ ಬಂದು, ಅಲ್ಲಿ ನಮ್ಮ ಗಾಡಿ ಏರಿ ಅಡಗಿಮನಿ ಮುಟ್ಟಿತು. ರೊಟ್ಟಿ ಮುರೀತಾವ ಅಂತ ಅಂಜಿದ್ದೆ. ಅಕ್ಕಾರು ಒಂದರ ಮ್ಯಾಲೊಂದು ಹಾಸೂದು ಬಿಟ್ಟು, ಮನ್ಯಾಗ ಬುಟ್ಟ್ಯಾಗ ಇಟ್ಟಂಗ ನಿಂದರಿಸಿ ಇಟ್ಟಿದ್ರು. ಒಂದೂ ಮುರದಿದ್ದಿಲ್ಲ. ನಾ ಮೀಸಿ ಮ್ಯಾಲ ಕೈ ಹಾಕೂದ್ರಾಗ ಪ್ಯಾಕೀಟು ತೂಗೂ ಬೆಲ್ಟಿನ ತಕ್ಕಡಿ ಕೂಗಿತು. ಕೆಂಪು ದೀಪ ಹತ್ತಿತು. ಮತ್ತೊಂದು ಪ್ಯಾಕೀಟು, ಮತ್ತ ಕೆಂಪು. ಬಿಚ್ಚಿ ನೋಡಿದ್ರ ಐದು ರೊಟ್ಟಿ. ಇನ್ನೊಂದರಾಗೂ ಐದು. ಒಂದರಾಗ ಆರು.

"ಲೇಬಲ್ ಮೇಲೆ ನಾಲ್ಕು, ಒಳಗೆ ಐದು. ಬಾಕ್ಸ್ ಮುಚ್ಚಲ್ಲ, ತೂಕ ಕೂಡಲ್ಲ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ. ವಾಪಸ್" ಅಂದ್ರು ಮೇಡಂ.

ಫೋನ್ ಮಾಡಿದೆ. "ಆತು ತಮ್ಮಾ, ತಪ್ಪು ಆಗೇತಿ. ಇನ್ನ ನಾಕ ಇಡ್ತೀವಿ" ಅಂದ್ರು ಅಕ್ಕಾರು. ನಾ ಒಂದು ಸಣ್ಣ ತಕ್ಕಡಿ ಕಳಿಸಿದೆ. ನಾಕು ದುಂಡನ್ನ ಗೆರಿ ತಗದ ಹಾಳಿ ಕಳಿಸಿ ಗ್ವಾಡಿಗೆ ಹಚ್ಚಾಕ ಹೇಳಿದೆ. ಎರಡನೇ ಲಾಟ್ ಬಂತು. ಬೆಲ್ಟು ಸುರು ಆಗಿ ಎರಡು ನಿಮಿಷಕ್ಕ ಮತ್ತ ಕೆಂಪು ದೀಪ. ಅರ್ಧಕ್ಕಿಂತ ಹೆಚ್ಚು ಪ್ಯಾಕೀಟಿನ್ಯಾಗ ಐದು.

ನನ್ನ ತಲಿ ಕೆಟ್ಟು ಹೋತು. ಎಲ್ಲಾರ ಮುಂದ ನಿಂತು ಫೋನ್ ಹಚ್ಚಿದೆ. "ನಾಕರತನಕ ಎಣಸಾಕ ಬರೂದಿಲ್ಲೇನ್ರಿ ಅಕ್ಕಾರ ನಿಮಗ?" ಅಂದೆ. ಆ ಕಡೆ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಆಮೇಲೆ ಸಣ್ಣ ದನ್ಯಾಗ "ಬರತೈತಿ ತಮ್ಮಾ" ಅಂತ ಹೇಳಿ ಇಟ್ಟ್ರು. ಇಡೀ ದಿವಸ ನನಗ ಕೂಳು ಸೇರಲಿಲ್ಲ. ಅವ್ವನ ವಯಸ್ಸಿನ ಹೆಣ್ಣಮಗಳಿಗೆ ಹಂಗ ಅನ್ನಬಾರದಾಗಿತ್ತು.

ಉಳದದ್ದು ಒಂದ ಲಾಟ್. ಫೋನಿನ್ಯಾಗ ಬಗೀಹರಿಯೂ ಮಾತಲ್ಲ ಅಂತ ಎರಡು ದಿವಸ ರಜಾ ಹಾಕಿ ಹೋದೆ. ಅಕ್ಕಾರು ಏನೂ ಆಗದಂಗ ಚಾ ಕೊಟ್ರು. ಗ್ವಾಡಿ ಮ್ಯಾಲ ನನ್ನ ನಾಕು ಗೆರಿ ಹಂಗ ಇದ್ದುವು. ತಕ್ಕಡಿ ಒರಸಿ ಇಟ್ಟಿದ್ರು. ನಾ ಮೂಲ್ಯಾಗ ಕುಂತೆ, ಪ್ಯಾಕೀಟು ಕಟ್ಟೂದ ನೋಡಿಕೋತ. ಮೊಣಕಾಲು ನೋವಿನಾಕಿ ನಾಕು ರೊಟ್ಟಿ ಎಣಿಸಿ ಇಟ್ಟಳು, ಬಾಯಿಲೆ ಹೇಳಿಕೋತನ ಇಟ್ಟಳು. ಬಾಜೂಕಿನಾಕಿ ಕೂಡ ಮಾತಾಡಿಕೋತ ಚೀಲದ ಬಾಯಿ ಮಡಚಾಕ ಹೋದಳು. ಮಡಚೂ ಮೊದಲ ಕೈ ತಾನ ಬುಟ್ಟಿಗೆ ಹೋತು, ಇನ್ನೊಂದು ತಗದು ಮ್ಯಾಲ ಇಟ್ಟು ಮುಚ್ಚಿತು.

"ಯವ್ವಾ, ಈಗ ಎಷ್ಟ ಇಟ್ಟಿ?" ಅಂದೆ.

"ನಾಕ್ರಿ."

"ಬಿಚ್ಚಿ ನೋಡು."

ಬಿಚ್ಚಿದಳು. ಐದು. ಆಕಿ ತನ್ನ ಕೈ ತಾನ ನೋಡಿಕೊಂಡಳು. "ಅಯ್ಯ, ನಾ ಯಾವಾಗ ಇಟ್ನಿರಿ?" ಅಂದಳು. ಸುಳ್ಳು ಹೇಳೂ ಮಾರಿ ಅಲ್ಲ ಅದು. ಬಾಕಿ ಏಳು ಮಂದೀನೂ ಹಂಗ ಮಾಡಿದ್ರು. ಅಕ್ಕಾರು ನನ್ನ ಎದುರಿಗೆ ಬಂದು ಕುಂತ್ರು.

"ತಮ್ಮಾ, ಬೈಬ್ಯಾಡ. ಅವರು ಎಣಿಸೇ ಇಡತಾರ. ಬುತ್ತಿ ಮುಚ್ಚೂ ಮುಂದ ಕೈ ಕೇಳೂದಿಲ್ಲ. ಅದು ದಾರಿ ರೊಟ್ಟಿ."

ನಮ್ಮವ್ವ ಹೋಗಿ ಒಂಬತ್ತು ವರ್ಷ ಆಗಿತ್ತು. ಆ ಒಂಬತ್ತು ವರ್ಷದಾಗ ದಾರಿ ರೊಟ್ಟಿ ಅನ್ನೂ ಶಬ್ದ ನಾ ಯಾರ ಬಾಯಾಗೂ ಕೇಳಿದ್ದಿಲ್ಲ.

ಐಗಳ್ಯಾಗ ನಮ್ಮ ದ್ರಾಕ್ಷಿ ತ್ವಾಟ ಊರಿಂದ ಒಂದು ಹರದಾರಿ. ಮುಂಜೇಲೆ ಅವ್ವ ಬುತ್ತಿ ಕಟ್ಟತಿದ್ದಳು. ಅಪ್ಪಂದು, ಕಾಕಾಂದು, ಆಳುಗಳದು, ಎಲ್ಲಾ ಒಂದ ಬಿಳಿ ಅರಬ್ಯಾಗ. ಎಷ್ಟು ರೊಟ್ಟಿ ಇಟ್ಟಿ ಅಂತ ಆಕಿಗೆ ಯಾರೂ ಕೇಳತಿದ್ದಿಲ್ಲ, ಆಕಿಗೂ ಗೊತ್ತಿರತಿದ್ದಿಲ್ಲ. ಗಂಟು ಬಿಗಿಯೂ ಮುಂದ ಒಂದು ರೊಟ್ಟಿ ತಗದು ಮ್ಯಾಲ ಇಡತಿದ್ದಳು. ದಾರ್ಯಾಗ ಯಾರರ ಎದುರಾದ್ರ, ಊಟ ಆತೇನು ಅಂತ ಕೇಳಿ ಕೊಡಾಕ. ಕುರಿಯವರು, ಬಸ್ಸು ತಪ್ಪಿದಾವ್ರು, ಕೊಕಟನೂರ ಯಲ್ಲಮ್ಮಗ ನಡಕೋತ ಹೊಂಟಾವ್ರು. ಅಪ್ಪ ಅದನ್ನ ತ್ವಾಟಕ್ಕ ಮುಟ್ಟಿಸಿದ್ದು ನಾ ಕಂಡಿಲ್ಲ.

ಉಣ್ಣಾಕ ಕುಂತಾಗಂತೂ ರೊಟ್ಟಿ ಎಣಿಸಿದ್ರ ಅವ್ವನ ಸಿಟ್ಟು ನೆತ್ತಿಗೆ ಏರತಿತ್ತು. ಉಣ್ಣಾವ್ರ ರೊಟ್ಟಿ ಎಣಿಸಿದ್ರ ಅನ್ನ ಹತ್ತೂದಿಲ್ಲ ಅಂತ ಆಕಿ ನಂಬಿಕಿ. ಸುಗ್ಗ್ಯಾಗ ದುಡದು ಬಂದ ಆಳು ನಾಚಿಕೋತ, "ಭಾಳ ಆದುವು ಯವ್ವಾ, ಎಷ್ಟು ತಿಂದ್ನಿ?" ಅಂತ ಕೇಳಿದ್ರ, "ಎರಡ" ಅಂತಿದ್ದಳು. ಎಂಟು ತಿಂದಿದ್ರೂ ಎರಡ. ನಾ ಜ್ವರಾ ಬಂದು ಅರ್ಧಾ ತಿಂದು ಬಿಟ್ಟಾಗ ಅಪ್ಪ ಕೇಳಿದ್ರ, ಅವಾಗೂ ಎರಡ. ಆಕಿ ಲೆಕ್ಕದಾಗ ಎಲ್ಲಾರೂ ಎರಡ ರೊಟ್ಟಿ ಉಣ್ಣಾವ್ರು.

ಅದನ್ನ ಉಂಡು ಬೆಳದಾಂವ ನಾನು. ಕಾಗದದ ಮ್ಯಾಲ 'ರೊಟ್ಟಿ ನಾಕು' ಅಂತ ಬರದಾಂವಾನೂ ನಾನ. ಈ ಹೆಣ್ಣಮಕ್ಕಳ ಕೈ ಎಷ್ಟು ತಪ್ಪು ಮಾಡಿತ್ತೋ ಅದಕ್ಕಿಂತ ದೊಡ್ಡ ತಪ್ಪು ನನ್ನ ಪೆನ್ನಿಂದ ಆಗಿತ್ತು. ಅಷ್ಟ ಅಲ್ಲದ ಎಣಸಾಕ ಬರೂದಿಲ್ಲೇನು ಅಂತ ಬೇರೆ ಕೇಳಿದ್ದೆ. "ಅಕ್ಕಾರ, ಅವತ್ತು ಫೋನಿನ್ಯಾಗ ಅಂದದ್ದು ಮನಸಿಗೆ ಹಚ್ಚಿಕೋಬ್ಯಾಡ್ರಿ, ತಪ್ಪಾತು" ಅಂದೆ. "ಬಿಡೋ, ತಮ್ಮ ಬೈದ್ರ ಅಕ್ಕಗ ಹತ್ತತೈತೇನ?" ಅಂದ್ರು. ಹತ್ತಿತ್ತು ಅನ್ನೂದು ಅವರ ಕಣ್ಣಾಗ ಕಾಣತಿತ್ತು.

"ಹಂಗಾದ್ರ ಕಾಗದದ ಮ್ಯಾಲ ಐದ ಅಂತ ಬರದು ಬಿಡ್ತೇನಿ" ಅಂದೆ.

"ಬರಿ. ಆರ ಇಡತೀವಿ."

ಎಲ್ಲಾರೂ ನಕ್ರು, ನಾನೂ ನಕ್ಕೆ. ಮೂರನೇ ಲಾಟಿಗೆ ಆರ ದಿವಸ ಉಳದಿತ್ತು. ಎಣಸಾಕ ಒಬ್ಬ ಕಾವಲದಾಂವನ್ನ ಇಡೂ ವಿಚಾರ ಬಂತು. ಆ ಖೋಲ್ಯಾಗ ಹೆಣ್ಣಮಕ್ಕಳ ಕೈ ಮ್ಯಾಲ ಕಣ್ಣಿಟ್ಟು ಒಬ್ಬಾಂವ ನಿಲ್ಲೂದನ್ನ ನೆನಸಿಕೊಂಡು ಬ್ಯಾಡ ಅನಿಸ್ತು.

ಹೊತ್ತು ಇಳೀತು. ಒಲಿ ಆರಿದುವು. ಹೊತ್ತು ಮುಳುಗೂ ಮೊದಲ ಉಣ್ಣಬೇಕಂತ ಅಕ್ಕಾರು ನನಗೂ ತಾಟು ಇಟ್ರು. ಉಂಡು ಎದ್ದೆ. ಹಾದ್ಯಾಗ ಇರ್ಲಿ ಅಂತ ಒಂದಷ್ಟು ರೊಟ್ಟಿ ಅರಬ್ಯಾಗ ಕಟ್ಟಿದ್ರು. ನಾ ಅವರ ಕೈ ನೋಡಿಕೋತ ನಿಂತಿದ್ದೆ. ರೊಟ್ಟಿ ಇಟ್ಟು ಅರಬಿ ಮಡಚಿದ್ರು. ಆಮೇಲೆ ಇನ್ನೊಂದು ತಗದು ಮಡಚಿದ ಅರಬಿ ಮ್ಯಾಲ ಇಟ್ಟು, ತುದಿ ಎರಡೂ ಎತ್ತಿ ಅದರ ಮ್ಯಾಲ ಗಂಟು ಹಾಕಿದ್ರು. ನಮ್ಮವ್ವನೂ ಹಂಗ ಕಟ್ಟತಿದ್ದಳು. ದಾರಿ ರೊಟ್ಟಿ ಬುತ್ತಿಯೊಳಗ ಇರತಿದ್ದಿಲ್ಲ, ಮಡಚಿದ ಅರಬಿ ಹೊರಗ ಇರತಿತ್ತು.

"ಅಕ್ಕಾರ, ಇದನ್ನ ಒಳಗ ಯಾಕ ಇಡಲಿಲ್ಲ?"

"ಇದು ನಿಂದಲ್ಲಲ್ಲೋ ತಮ್ಮಾ. ಸಿಕ್ಕಾವಂದು."

"ಮತ್ತ ಪ್ಯಾಕೀಟಿನ್ಯಾಗ ಒಳಗ ಯಾಕ ಇಡತೀರಿ?"

"ಹೊರಗ ಇಡಾಕ ನೀ ಜಾಗಾ ಎಲ್ಲಿ ಕೊಟ್ಟಿ?"

ಕೆಲಸದಾಗ ಕೆಲವೊಮ್ಮೆ ಉತ್ತರ ಇಷ್ಟು ಸಣ್ಣದಿರತೈತಿ, ತಲಿ ಚಚ್ಚಿಕೋಬೇಕು ಅನಸತೈತಿ. ಜಾಗಾ ಕೊಡತೇನಿ ಅಂದೆ. ದೊಡ್ಡದೊಂದು ಪೊಟ್ಟಣ, ಪ್ರತಿ ಟ್ರಾಲಿಗೆ ಒಂದು. ಯಾರ ಹೆಸರಿಗೂ ಅಲ್ಲದ ರೊಟ್ಟಿ ಅದರಾಗ. ಪ್ಯಾಕೀಟಿಗೆ ನಾಕು ಇಟ್ಟು ಮುಚ್ಚೂದು, ಮುಚ್ಚಿದ ಮ್ಯಾಲ ಕೈ ಬುಟ್ಟಿಗೆ ಹೋದ್ರ ಹೋಗ್ಲಿ, ಆ ರೊಟ್ಟಿ ಬಾಜೂಕ ಇಟ್ಟ ಪೊಟ್ಟಣಕ್ಕ ಬೀಳಲಿ. ಅವತ್ತು ಒಲಿ ಆರಿದ್ದುವು, ಖರೆ ಬೆಳಕು ಇನ್ನೂ ಇತ್ತು. ಇದ್ದ ರೊಟ್ಟೀಲೆ ಮಾಡಿ ನೋಡಿದ್ವಿ. ಇಪ್ಪತ್ತು ಪ್ಯಾಕೀಟು ಕಟ್ಟಿಸಿ ಬಿಚ್ಚಿಸಿದೆ. ಇಪ್ಪತ್ತರಾಗೂ ನಾಕು. ಮೊಣಕಾಲು ನೋವಿನಾಕಿ ಎಷ್ಟು ಖುಷಿ ಆದಳಂದ್ರ, ಹೊಳ್ಳಿ ತಾನ ಒಂದೊಂದು ಬಿಚ್ಚಿ ಎಣಿಸಿ ನೋಡಿದಳು.

ಇತ್ತ ಮೇಡಂ ಒಪ್ಪಬೇಕಲ್ಲ. ಅವರ ಟೇಬಲ್ಲಿನ ಮುಂದ ಅರ್ಧಾ ತಾಸು ನಿಂತೆ.

"ಯಾರ ಲೆಕ್ಕಕ್ಕೂ ಸೇರದ ರೊಟ್ಟಿಯನ್ನ ನಾನು ಹೇಗೆ ಪಾಸ್ ಮಾಡಲಿ?"

"ಮುಂದಿನ ಹೆಚ್ಚಿನ ರೊಕ್ಕದ ಸೀಟಿನವ್ರಿಗೆ ಬುಟ್ಟ್ಯಾಗ ಬ್ರೆಡ್ ಒಯ್ದು, ಇನ್ನೊಂದು ಬೇಕೇನು ಅಂತ ಕೇಳತಾರಲ್ರಿ. ಇದನ್ನೂ ಆ ಬ್ರೆಡ್ಡಿನ ಲೆಕ್ಕದಾಗ ಸೇರಸ್ರಿ. ಪೊಟ್ಟಣದ ತೂಕ ಬರದಿರತೈತಿ, ಸೀಲ್ ಇರತೈತಿ. ಒಳಗಿಂದು ಎಣಸೂದು ಬ್ಯಾಡ."

"ಯಾಕೆ ಬೇಡ?"

ಯಾಕ ಅಂತ ಹೇಳಿದೆ. ಆಫೀಸಿನ್ಯಾಗ ಅವ್ವನ ಸುದ್ದಿ ನಾ ಎಂದೂ ಹೇಳಿದಾಂವ ಅಲ್ಲ. ಮೇಡಂ ಪೆನ್ನು ಕೆಳಗಿಟ್ಟು ಕೇಳಿದ್ರು. ಕಡೀಕ, "ನಮ್ಮಜ್ಜಿ ದೋಸೆ ಎಣಿಸಿದರೆ ಸೌಟು ಎತ್ತುತ್ತಿದ್ದರು" ಅಂದ್ರು. ಮತ್ತ ಪೆನ್ನು ತಗೊಂಡು ತಮ್ಮ ಗಟ್ಟಿ ದನಿಗೆ ಬಂದ್ರು. "ನಿಮ್ಮ ಹೆಸರಲ್ಲೇ ಸಹಿ ಮಾಡಿ. ಲಾಟ್ ಪಾಸಾದರೆ ನೀವೇ ಆ ವಿಮಾನದಲ್ಲಿ ಹೋಗಿ ನೋಡಿ ಬರಬೇಕು. ಪೊಟ್ಟಣ ತುಂಬಿದ್ದು ತುಂಬಿದ ಹಾಗೆ ವಾಪಸ್ ಬಂದರೆ ಎಲ್ಲ ರದ್ದು. ಭಾರ ಹೊತ್ತು ಹಾರಿಸಿ ಕಸಕ್ಕೆ ಹಾಕೋಕೆ ನಾನು ಬಿಡಲ್ಲ."

ಮೂರನೇ ಲಾಟ್ ಬೆಲ್ಟಿನ ಮ್ಯಾಲ ಹೊಂಟಾಗ ನಾ ತಕ್ಕಡಿ ಕಡೆ ನೋಡಲಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ದೆ. ಹಸರು ದೀಪ ಹತ್ತಿದಾಗ ತಕ್ಕಡಿ ಸಪ್ಪಳ ಬ್ಯಾರೆ ಇರತೈತಿ. ಒಂದೊಂದಾಗಿ ಕೇಳಿಕೋತ ಹೋದೆ. ಕಡೀ ಪ್ಯಾಕೀಟು ದಾಟೂತನಕ ಕೆಂಪು ಹತ್ತಲಿಲ್ಲ.

ಸಂಜೀ ವಿಮಾನದಾಗ ನಡುವಿನ ಸಾಲಿನ ಸೀಟು ಕೊಟ್ರು. ನೋಡಾಂವ ಅಷ್ಟ ನಾನು, ತಿನ್ನೂ ಹಂಗಿಲ್ಲ, ಯಾರ ಕೂಡಾನೂ ಊಟದ ಬಗ್ಗೆ ಮಾತಾಡೂ ಹಂಗಿಲ್ಲ. ಕೈಯಾಗ ಒಂದು ಫಾರ್ಮು. ಯಾವ ಸೀಟಿನವ್ರು ಎಷ್ಟು ರೊಟ್ಟಿ ತಿಂದ್ರು ಅಂತ ಬರೀಬೇಕು. ಬಾಜೂಕ ಕಿಟಕಿ ಹತ್ತರ ಕುಂತಾಂವಗ ನನ್ನಷ್ಟ ವಯಸ್ಸು. ಫೋನಿನ್ಯಾಗ ಮರಾಠಿಯೊಳಗ ಸುರು ಮಾಡಿ ಕನ್ನಡದಾಗ ಮುಗಿಸಿದ್ದು ನೋಡಿ ನಮ್ಮ ಕಡ್ಯಾಂವ ಅಂತ ತಿಳೀತು. ಡಬ್ಬಿ ಬಂದುವು. ಅಂವ ಬಿಚ್ಚಿದಾಂವ ಒಂದು ಗಳಿಗಿ ಸುಮ್ಮನ ಕುಂತ. ಆಮೇಲೆ ಹಿಂಡಿ ಪುಡಕಿ ಹರದು, ಚಮಚಾ ಬಾಜೂಕ ಇಟ್ಟು ಕೈಲೆ ಸುರು ಮಾಡಿದ. ನಾಕೂ ಆದುವು. ಚೀಲದ ತಳದ ಚೂರು ಬೆರಳಿಗೆ ಹಚ್ಚಿಕೊಂಡು ತಿಂದ.

ಊಟ ಹಂಚೂ ಹುಡುಗಿ ದೊಡ್ಡ ಪೊಟ್ಟಣ ಬಿಚ್ಚಿ ಬುಟ್ಟ್ಯಾಗ ಹಾಕ್ಕೊಂಡು ಬಂದಳು. "ಇನ್ನೊಂದು ರೊಟ್ಟಿ?" ಅಂತ ಕೇಳಿಕೋತ. ಮೊದಲ ಸಾಲು ಬ್ಯಾಡ ಅಂತು. ಎರಡನೇ ಸಾಲು ಬ್ಯಾಡ ಅಂತು. ಮಂದಿ ಮಾರಿ ನೋಡಿದೆ, ಬೇಕನ್ನೂ ಆಸೆ ಐತಿ, ಕೇಳಾಕ ಸಂಕೋಚ. ಮೂರು, ನಾಕು, ಐದು. ಬುಟ್ಟಿ ತುಂಬಿದ್ದು ತುಂಬಿದಂಗ ನನ್ನ ಕಡೆ ಬರಾಕತ್ತಿತ್ತು. ನನಗ ಅಕ್ಕಾರು ಒಲ್ಲೆ ಅಂದ ಲಗ್ನಗಳು ನೆನಪಾದುವು. ಬಾಯಿ ತಗದು ಹೇಳಬೇಕಂದ್ರ ಹೇಳೂ ಹಂಗಿಲ್ಲ.

ಬಾಜೂಕಿನಾಂವ ಕೈ ಚಾಚಿ ಒಂದು ತಗೊಂಡ. ಕಟ್ ಅಂತ ಮುರದ. ಆ ಸಪ್ಪಳಕ್ಕ ಮುಂದಿನ ಸಾಲಿನ ಮುದುಕಿ ಹಿಂದ ಹೊಳ್ಳಿ ನೋಡಿದಳು. ಅಂವ ಅರ್ಧಾ ರೊಟ್ಟಿ ನನ್ನ ಮುಂದ ಹಿಡದ. "ತಗೋರಿ. ಒಬ್ಬನ ತಿನ್ನಾಕ ಬರೂದಿಲ್ಲ ಇದನ್ನ" ಅಂದ. ನನ್ನ ಪರಿಚಯ ಇಲ್ಲ, ಹೆಸರು ಕೇಳಿಲ್ಲ. ದಾರ್ಯಾಗ ಸಿಕ್ಕಾಂವ ನಾನು. ನಿಯಮ ಮರತು ತಗೊಂಡೆ. ಹಿಂಡಿ ಹಚ್ಚಿ ತಿಂದೆ, ಖಾರಕ್ಕ ಅಂತ ಕಣ್ಣೊರಸಿಕೊಂಡೆ.

"ಬಾಳಾ, ಇಕಡ ಒಂದು ಕೊಡವಾ" ಅಂತ ಮುದುಕಿ ಹುಡುಗಿಗೆ ಅರ್ಧಾ ಮರಾಠ್ಯಾಗ ಅಂದಳು. ಅಷ್ಟ ತಡ, ಹಿಂದಿನ ಸಾಲಿನ ಕೈ ಎದ್ದುವು, ಮುಂದ ಬ್ಯಾಡ ಅಂದಾವ್ರೂ ಕರದ್ರು. ಹುಡುಗಿ ಎರಡು ಸಲ ಹೊಳ್ಳಿ ಹೋಗಿ ಬಂದಳು. ವಿಮಾನದ ತುಂಬ ಕಟ್ ಕಟ್ ಅಂತ ಸಪ್ಪಳ. ಬಾಜೂಕಿನಾಂವ ಬುಟ್ಟಿ ಬಂದಾಗೆಲ್ಲಾ ಒಂದು ತಗೊಂಡ. ಪ್ರತಿ ಸಲ ಅರ್ಧಾ ನನಗ.

ಇಳಿಯೂ ಮುಂಚೆ ಹುಡುಗಿ ನನ್ನ ಸೀಟಿನ ಹತ್ತರ ಬಂದು ಪೊಟ್ಟಣದ ಹಾಳಿ ತೋರಿಸಿದಳು. ಎರಡೂ ಟ್ರಾಲೀದು ಖಾಲಿ, ತಳದಾಗ ಹಿಟ್ಟು ಅಷ್ಟ. ಎಂಟು ಒಲಿ ಇನ್ನ ಆರೂದಿಲ್ಲ ಅಂತ ನನಗ ಅವಾಗ ಧೈರ್ಯ ಬಂತು. ಕೆಳಗ ಇಳದ ಮ್ಯಾಲ ಅಕ್ಕಾರಿಗೆ ಮೊದಲ ಫೋನ್ ಮಾಡಬೇಕು, ಮೇಡಂಗೆ ಆಮೇಲೆ, ಅಂತ ಗಟ್ಟಿ ಮಾಡಿದೆ. ಫಾರ್ಮು ತಗದು ತೊಡೀ ಮ್ಯಾಲ ಇಟ್ಟುಕೊಂಡೆ. ಬಾಜೂಕಿನಾಂವ ಬಾಯಿ ಒರಸಿಕೊಂಡು, ಮುಂದಿನ ಖಾಲಿ ಡಬ್ಬಿ ನೋಡಿ ನಾಚಿಕೊಂಡ.

"ಮನ್ಯಾಗಿನ ನೆನಪಾಗಿ ಕೈ ತಡೀಲಿಲ್ರಿ. ಭಾಳ ಆದುವೇನೋ. ನೀವು ನೋಡಾಕತ್ತಿದ್ರಿ, ಎಷ್ಟ ತಿಂದ್ನಿರಿ?"

ನನಗ ಪಕ್ಕಾ ಗೊತ್ತಿತ್ತು. ಅದನ್ನ ಎಣಸಾಕಂತನ ನನ್ನನ್ನ ಕಳಿಸಿದ್ರು, ಕೈಯಾಗ ಪೆನ್ನೂ ಇತ್ತು.

"ಎರಡ್ ರೀ" ಅಂದೆ.